ರ‍್ಯಾಪ್ ಪಕ್ಷದ ಜಯಮ್ಮ

ನವೆಂಬರ್ 6, ಗುರುವಾರ

ಇವತ್ತೂ ರೇಡಿಯೋ ತರ್ಕದಲ್ಲಿ ಉಣ್ಣಿಯನ್ನು ಸೋಲಿಸಿದೆ. ಮಾನಂದವಾಡಿಯಿಂದ ಬಸ್ಸಿನಲ್ಲಿ ಸೀಟಿಲ್ಲ, ಪನಮರಂವರೆಗೆ ನಿಂತೇ ಬಂದೆ. ಕಾಲು ನೋಯಲಿಲ್ಲ. ಗೆದ್ದವರಿಗೆ ನೋಯುವುದಿಲ್ಲ ಅಂತ ಕಾಣುತ್ತದೆ.

ವಿಷಯ — ರಾಗವಿಲ್ಲದ್ದು ಹಾಡು ಹೌದೋ ಅಲ್ಲವೋ. ಅವನು ಎಂದಿನಂತೆ ಮೆಲಡಿ ಪಕ್ಷ. ನಾನು ರ‍್ಯಾಪ್ ಪಕ್ಷ. “ಚೇಚ್ಚೀ, ಮೆಲಡೀಲಿ ಮಾತು ಮರೆತರೂ ಟ್ಯೂನ್ ಉಳಿಯುತ್ತೆ. ರ‍್ಯಾಪಲ್ಲಿ ಮಾತು ತೆಗೆದ್ರೆ ಏನುಂಟು? ಬರೀ ಡಬಡಬ” ಅಂದ. ಚೇಚ್ಚಿ ಅಂದರೆ ಅಕ್ಕ, ನನ್ನನ್ನು ಹಾಗೇ ಕರೆಯುವುದು. ನಾನು ಬಿಡುತ್ತೇನೆಯೇ! “ಮಾತು ಮರೆತರೂ ನಡೆಯುತ್ತೆ ಅಂದ್ರೆ ಆ ಮಾತು ಬೇಕೇ ಇರಲಿಲ್ಲ ಅಂತಾಯ್ತಲ್ಲ ಮೋನೇ. ಚಂದ್ರ, ಹೊಳೆ, ಹುಡುಗಿ ಕಣ್ಣು. ಕೇಳಿ ಕೇಳಿ ಚಂದ್ರನಿಗೇ ಬೇಜಾರು ಬಂದಿದೆ.” ಗಾಜಿನ ಆಚೆ ರೇಡಿಯೋ ನಡೆಸುವ ಬಾಲನ್ ಸಾರ್ ಮೇಜು ಬಡಿದು ಬಡಿದು ನಕ್ಕರು.

ಹೋದ ವರ್ಷ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ಹಳೆ ಮೆಲಡಿ ಹಾಕಿ, ಹಳೆ ಮೆಲಡಿ ಹಾಕಿ ಅಂತ ಆ ರೇಡಿಯೋಗೆ ಫೋನು ಮಾಡಿ ಪ್ರಾಣ ತಿಂದವಳು ನಾನು. ಆ ಫೋನು ಎತ್ತುತ್ತಿದ್ದವನು ಉಣ್ಣಿ. ಒಂದು ದಿನ ಅವನೇ ಕರೆದ — ‘ಪಾಟ್ಟುತರ್ಕಂ’ ಅಂತ ಹೊಸ ಪ್ರೋಗ್ರಾಂ, ಹಾಡಿನ ಮೇಲೆ ಜಗಳ, ಬನ್ನಿ. ಮೆಲಡಿ ಪಕ್ಷ ನನ್ನದು ಅಂದುಕೊಂಡು ಹೋದೆ. “ಅದು ನಂಗಿರಲಿ. ಚೇಚ್ಚಿ ರ‍್ಯಾಪ್ ಹಿಡೀರಿ, ಹೊಸದಾಗಿರುತ್ತೆ” ಅಂದ. ಒಪ್ಪಿಕೊಂಡೆ. ಒಪ್ಪಿದ ಮೇಲೆ ಸುಮ್ಮನೆ ಇರಲಾಗುತ್ತದೆಯೇ? ಕಾಫಿ ತೋಟದಲ್ಲಿ ಕಿವಿಗೆ ವಯರು ಹಾಕಿಕೊಂಡು ಕೇಳಿದೆ. ಮೊದಮೊದಲು ತಲೆನೋವು. ಈಗ... ಈಗ ಇಷ್ಟ. ನಿಜವಾಗಿ.

ಐದಾಗುತ್ತಲೇ ಉಣ್ಣಿ ರೆಕಾರ್ಡಿಂಗ್ ನಿಲ್ಲಿಸುತ್ತಾನೆ. “ಚೇಚ್ಚಿಗೆ ಹೊತ್ತು ಮುಳುಗೋ ಮುಂಚೆ ಊಟ ಆಗಬೇಕು.” ನಮ್ಮ ಜೈನರ ಪದ್ಧತಿ ಅವನಿಗೆ ನನ್ನ ಮಕ್ಕಳಿಗಿಂತ ಚೆನ್ನಾಗಿ ನೆನಪಿರುತ್ತದೆ. ಒಳ್ಳೆಯ ಹುಡುಗ.

ನವೆಂಬರ್ 13

ಮನೆಯಲ್ಲಿ ಇವರದು ಒಂದೇ ರಗಳೆ. “ಸ್ತೋತ್ರ ಬಿಟ್ಟರೆ ಹಾಡೇ ಇಲ್ಲ. ಇದ್ದರೂ ಹಳೇ ಸಿನಿಮಾದ್ದು. ನಿಂದು ರ‍್ಯಾಪಲ್ಲ ಜಯ, ಹಪ್ಪಳ ಮುರಿದ ಹಾಗಿದೆ.” ಜಿನಚಂದ್ರ ಗೌಡರ ತೀರ್ಪು! ಸಾರಿಗೆ ಉಪ್ಪು ಹಾಕದೆ ಬಡಿಸಿದೆ. ಹಾಗೇ ಉಂಡರು.

ಬಂದವರಿಗೆಲ್ಲ ಮಾತ್ರ ಹಾಲ್‌ನ ಫೋಟೋ ತೋರಿಸುತ್ತಾರೆ. ಶಾಲೆಯ ಕಲೋತ್ಸವದಲ್ಲಿ ನಮ್ಮ ಸಂಘಗಾನದ ತಂಡ, ಕಪ್ಪು-ಬಿಳುಪು, ಕೈಯಲ್ಲಿ ಗೆದ್ದ ಕಪ್. “ನಮ್ಮವಳು ಫಸ್ಟ್ ಪ್ರೈಜ್ ಹಾಡುಗಾರ್ತಿ.” ಆಗ ನಾನು ಏನಾದರೂ ಕೆಲಸ ಹುಡುಕಿಕೊಂಡು ಒಳಗೆ ಹೋಗುತ್ತೇನೆ.

ನವೆಂಬರ್ 27, ಗುರುವಾರ

ಇವತ್ತು ಉಣ್ಣಿ ಒಂದು ಹಾಡು ಕೇಳಿಸಿದ. ಚೇಕಾಡಿ ಕಡೆಯ ಹುಡುಗಿ, ಸೀತ. ಕಾಡಂಚಿನ ಹಾಡಿಯವಳು. ಅವಳ ತಾಯಿ ವೆಳ್ಳಚ್ಚಿ ನಮ್ಮ ಗದ್ದೆಗೆ ನಾಟಿಗೆ ಬರುತ್ತಿದ್ದಳು. ಹುಡುಗಿ ತನ್ನ ಮಾತಿನಲ್ಲೇ ರ‍್ಯಾಪ್ ಕಟ್ಟಿದ್ದಾಳೆ. ಅರ್ಧ ನಮ್ಮ ಮನೆಮಾತು ಕನ್ನಡದ ಹಾಗೇ ಇದೆ! ಅವರನ್ನು ಕಂಡೂ ನಿಲ್ಲಿಸದೆ ಹೋಗುವ ಬಸ್ಸಿನ ಮೇಲೆ ಹಾಡು. ‘ಕಂಡೆ ಕಂಡೆ, ನೀ ಕಂಡೆ, ನಿಲ್ಸದೆ ಹೋದೆ.’ ಬಸ್ಸಿಗೆ ಬೈದದ್ದು ಎಷ್ಟು ಚೆಂದ ಅಂದರೆ ನಗು ಬರುತ್ತದೆ, ನಗುತ್ತಾ ನಗುತ್ತಾ ಅಳುವೂ ಬಂತು.

ಈ ಊರಿನ ರೇಡಿಯೋದಲ್ಲಿ ನನ್ನ ಅಡುಗೆಮನೆಯ ಮಾತಿಗೆ ಹತ್ತಿರದ ಮಾತು ಇಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದೆ. ಮೈಕಿನಲ್ಲಿ ಹೇಳಿಬಿಟ್ಟೆ — “ನಾಲ್ಕು ಜನ ಕೇಳಿ ಮನಸ್ಸು ಹಗುರ ಮಾಡ್ಕೊಂಡ್ರೆ ಅದು ಕಲೆ. ಅದಕ್ಕೆ ರಾಗದ ಲೈಸೆನ್ಸ್ ಬೇಡ.” ಇವತ್ತೂ ನಾನೇ ಗೆದ್ದೆ. ಹ್ಹಾ!

ಡಿಸೆಂಬರ್ 4

ಹೇಳಬಾರದಿತ್ತೋ ಏನೋ. ಆದರೂ ಹಗುರವಾಗಿದೆ.

ರೆಕಾರ್ಡಿಂಗ್ ಮುಗಿದಿತ್ತು. ಕೆಂಪು ದೀಪ ಆರಿತ್ತು. ಉಣ್ಣಿ ಫೋನು ನೋಡುತ್ತಾ ಕೂತಿದ್ದ. ಕೇಳಿದ, “ಚೇಚ್ಚಿ ಯಾಕೆ ಹಾಡಲ್ಲ? ಇಷ್ಟೆಲ್ಲ ತರ್ಕ ಮಾಡ್ತೀರಿ, ಒಂದು ಸಾಲು ಹಾಡಿದ್ದು ಕೇಳಿಲ್ಲ.” ಯಾವ ಮಾಯದಲ್ಲಿ ಬಾಯಿ ಬಿಟ್ಟೆನೋ. ಆ ಫೋಟೋದ ಕಥೆ ಹೇಳಿದೆ. ಮಲಯಾಳದ ಸಂಘಗಾನಕ್ಕೆ ಆರಿಸಿದ್ದರು, ತಿಂಗಳೆಲ್ಲ ಅಭ್ಯಾಸ. ಸ್ಟೇಜ್ ಹತ್ತುವ ಮುಂಚೆ ಟೀಚರ್ ಕಿವಿಯಲ್ಲಿ ಅಂದರು, “ನಿನ್ನದು ಕನ್ನಡದ ನಾಲಿಗೆ, ಎದ್ದು ಕೇಳುತ್ತೆ. ಶಬ್ದ ಬೇಡ. ಬಾಯಿ ಆಡಿಸು, ಸಾಕು.” ಆಡಿಸಿದೆ. ಕಪ್ ಬಂತು. ಮನೆಯಲ್ಲಿ ಹೋಳಿಗೆ ಮಾಡಿದರು. ಆಮೇಲೆ ಯಾರ ಮುಂದೆಯೂ ಹಾಡಿಲ್ಲ. ಇವರಿಗೂ ಹೇಳಿಲ್ಲ. ಇವರು ಆ ಫೋಟೋ ನೋಡಿಯೇ ನನ್ನನ್ನು ಒಪ್ಪಿದ್ದು.

ಸೀತಳ ಹಾಡು ಕೇಳಿದಾಗ ಯಾಕೆ ಅಳು ಬಂತು ಅಂತ ಈಗ ಗೊತ್ತಾಯಿತು ಅಂದೆ. ಅಲ್ಲೇ ಅತ್ತೂ ಬಿಟ್ಟೆ, ಮುದುಕಿ. ಉಣ್ಣಿ ನೀರು ಕೊಟ್ಟ. “ಸಾರಮಿಲ್ಲ, ಪರವಾಗಿಲ್ಲ ಚೇಚ್ಚೀ. ನಮ್ಮೊಳಗೇ ಇರಲಿ” ಅಂದ.

ಡಿಸೆಂಬರ್ 21, ಭಾನುವಾರ

ಬರೆದರೆ ಹಗುರವಾಗಬಹುದು.

ಬಸದಿಯಲ್ಲಿ ಅಭಿಷೇಕ. ಹುಡುಗಿಯರು ನನ್ನನ್ನು ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಒಬ್ಬಳು “ರ‍್ಯಾಪ್ ಅಮ್ಮಾಯಿ” ಅಂದಳು, ಅಮ್ಮಾಯಿ ಅಂದರೆ ಅತ್ತೆ. ತಮ್ಮನ ಮಗಳು ಸ್ನೇಹಾಳನ್ನು ಕಂಬದ ಹಿಂದೆ ಕರೆದು ಕೇಳಿದೆ. “ಅತ್ತೆ, ನಿಂಗೆ ಗೊತ್ತಿಲ್ವಾ? ನಿಂಗೆ ಹೇಳೇ ಮಾಡ್ತಿದಾರೆ ಅಂದ್ಕೊಂಡಿದ್ವಿ” ಅಂತ ಫೋನಿನಲ್ಲಿ ವೀಡಿಯೋ ತೋರಿಸಿದಳು.

ನಾನು. ನನ್ನದೇ ಮಾತು. ಮಧ್ಯೆ ಮಧ್ಯೆ ಆಡಿನ ಕೂಗು ಸೇರಿಸಿದ್ದಾರೆ. ನನ್ನ ತಲೆಯ ಮೇಲೆ ಬಣ್ಣದ ಟೋಪಿ ಅಂಟಿಸಿದ್ದಾರೆ. ನಾನು ‘ಕಲೆ’ ಅಂದಾಗಲೆಲ್ಲ ನೂರು ಜನ ನಗುವ ಸದ್ದು. ಒಂದಲ್ಲ, ಸಾಲುಸಾಲು. ಬೇಸಿಗೆಯಿಂದಲೂ ಇದೆಯಂತೆ! ವಯನಾಡೆಲ್ಲ ನೋಡಿದೆಯಂತೆ. ಒಂದರಲ್ಲಿ ಶುರುವಿಗೆ ಉಣ್ಣಿಯ ಪಿಸುಮಾತು — “ಸಾರ್, ಈಗ ಕೀ ಕೊಡ್ತೀನಿ ನೋಡಿ.” ಆಮೇಲೆ ನಾನು ಚಂದ್ರನ ಮಾತಾಡುತ್ತೇನೆ.

ಕೀ ಕೊಡುವ ಬೊಂಬೆ. ಅದಕ್ಕೇ ರ‍್ಯಾಪ್ ಪಕ್ಷ ಕೊಟ್ಟದ್ದು. ಹಣ್ಣುಗೂದಲಿನ ಹೆಂಗಸು ಹರಕು ಮಲಯಾಳದಲ್ಲಿ ರ‍್ಯಾಪ್ ಅಂದರೆ ಜನ ನಗುತ್ತಾರೆ, ಅದಕ್ಕೇ. ನಾನು ಅದನ್ನು ವೇದವಾಕ್ಯ ಅಂತ ಹೊತ್ತುಕೊಂಡು ತಿಂಗಳುಗಟ್ಟಲೆ ಹಾಡು ಕೇಳಿದೆ!

ಕೊನೆಯದು ಆ ದಿನದ್ದು. ಕೆಂಪು ದೀಪ ಆರಿದ ಮೇಲಿನದು. ಫೋನು ನೋಡುತ್ತಿರಲಿಲ್ಲ ಅವನು, ವೀಡಿಯೋ ಹಿಡಿಯುತ್ತಿದ್ದ. ನಾನು ಅಳುತ್ತಿದ್ದೇನೆ, ಹಿಂದೆ ಪಿಟೀಲು. ‘ಬಾಯಿ ಆಡಿಸು, ಸಾಕು’ ಅನ್ನುವುದನ್ನು ಡೋಲಿನ ಬಡಿತಕ್ಕೆ ಕೂರಿಸಿ ಮತ್ತೆ ಮತ್ತೆ ಮತ್ತೆ... ಅದಕ್ಕೆ ಹುಡುಗರು ಕುಣಿಯುತ್ತಿದ್ದಾರೆ.

ನಮ್ಮೊಳಗೇ ಇರಲಿ ಅಂದಿದ್ದ. ಹಾಳಾಗಿ ಹೋಗಲಿ ಅವನು.

ಡಿಸೆಂಬರ್ 22

ಹೋದೆ. ಮೊದಲ ಬಸ್ಸಿಗೇ ಹೋದೆ.

“ಅಯ್ಯೋ ಚೇಚ್ಚೀ, ಜನಕ್ಕೆ ನೀವಂದ್ರೆ ಪ್ರಾಣ! ತಮಾಶೆಗೆ ಅಲ್ವಾ” ಅಂದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಬಾಲನ್ ಸಾರ್ ಚಾಯ ತರಿಸಿದರು, ನಾನು ಮುಟ್ಟಲಿಲ್ಲ. ನಮ್ಮೊಳಗೇ ಇರಲಿ ಅಂದವನು ಯಾರು ಅಂತ ಕೇಳಿದೆ. ಉಣ್ಣಿ ತಲೆ ತಗ್ಗಿಸಲಿಲ್ಲ. ಅದೇ ತರ್ಕದ ದನಿಯಲ್ಲಿ ಅಂದ, “ಚೇಚ್ಚಿ ಹೇಳಿದ್ದೇ ಅಲ್ವಾ? ನಾಲ್ಕು ಜನ ಕೇಳಿ ಮನಸ್ಸು ಹಗುರ ಮಾಡ್ಕೊಂಡ್ರೆ ಅದು ಕಲೆ. ಲಕ್ಷ ಜನ ಹಗುರ ಮಾಡ್ಕೊಂಡಿದಾರೆ. ಇದೂ ಕಲೆಯೇ.”

ನನ್ನ ಮಾತಿನಲ್ಲೇ ನನ್ನ ಕುತ್ತಿಗೆ ಕೊಯ್ದ. ಉತ್ತರ ಹೊಳೆಯಲಿಲ್ಲ. ಎದ್ದು ಬಂದೆ. ಬಸ್ಸಿನಲ್ಲಿ ಒಬ್ಬ ಹುಡುಗ ನನ್ನ ಫೋಟೋ ಹಿಡಿದ.

ಡಿಸೆಂಬರ್ 24

ಫೋಟೋ ಗೋಡೆಯಲ್ಲಿಲ್ಲ. ಮೊಳೆ ಇದೆ.

ಇವರಿಗೂ ಯಾರೋ ತೋರಿಸಿದ್ದಾರೆ. ಇವತ್ತು ಕಾಫಿ ಹರಡುವಾಗ ನನ್ನ ಕಡೆ ನೋಡದೆ ಅಂದರು, “ಹಾಡದಿದ್ದರೆ ಹೋಗಲಿ. ನಾನೇನು ಹಾಡಿಗೆ ಮದುವೆ ಆದೆನಾ? ಮೂವತ್ತು ವರ್ಷ ನಂಗೆ ಹೇಳಲಿಲ್ಲ. ಆ ಪೋಕರಿಗೆ ಹೇಳಿದೆ.”

ಇವರ ಮುಖ ನೋಡಿದರೆ ನಾನೇ ಉಣ್ಣಿಯ ಹಾಗೆ ಕಾಣುತ್ತೇನೆ. ನಂಬಿಸಿ ನಗೆಪಾಟಲು ಮಾಡಿದ್ದು ನಾನೂ ಹೌದಲ್ಲ — ಬಂದವರ ಮುಂದೆಲ್ಲ ಆ ಫೋಟೋ ತೋರಿಸುವಾಗ ಇವರನ್ನು ತಡೆಯಲಿಲ್ಲ.

ಡಿಸೆಂಬರ್ 30

ಸೀತ ಬಂದಿದ್ದಳು. ಚೇಕಾಡಿಯಿಂದ ಎರಡು ಬಸ್ಸು ಹಿಡಿದು. ಚಾವಡಿಯಲ್ಲಿ ಕೂರದೆ ಮೆಟ್ಟಿಲಲ್ಲೇ ಕೂತಳು. ಬೈದು ಮೇಲೆ ಕರೆದೆ.

“ನಾನೂ ಕಂಡೆ ಅಮ್ಮ, ಆ ವೀಡಿಯೋ. ನಂಗೆ ನಗು ಬರಲಿಲ್ಲ” ಅಂದಳು. ಆಮೇಲೆ ಬಂದ ಕೆಲಸ ಹೇಳಿದಳು. ಜನವರಿ ಹತ್ತಕ್ಕೆ ವಾಯನಶಾಲೆಯ, ಅಂದರೆ ಲೈಬ್ರರಿಯ ಹಾಲ್‌ನಲ್ಲಿ ಪಾಟ್ಟುತರ್ಕಂ, ಜನರ ಮುಂದೆ. ಅವಳಿಗೆ ಹಾಡಲು ಕರೆದಿದ್ದಾರೆ. ಅವಳ ಮೊದಲ ಸ್ಟೇಜ್. ಆದರೆ ನಾನು ಬಂದರೆ ಮಾತ್ರ ಪ್ರೋಗ್ರಾಂ — ಬಾಲನ್ ಸಾರ್ ಹಾಗೆ ಹೇಳಿದ್ದಾರಂತೆ. ನೇರ ನನ್ನನ್ನು ಕೇಳಲು ಮುಖವಿಲ್ಲ, ಈ ಹುಡುಗಿಯನ್ನು ಅಟ್ಟಿದ್ದಾರೆ!

“ನೀವು ಬೇಡ ಅಂದ್ರೆ ನಂಗೂ ಬೇಡ.” ಹಾಗಂದಳು. ಕಣ್ಣು ಮಾತ್ರ ಬೇಕು ಅನ್ನುತ್ತಿತ್ತು.

ಹೂಂ ಅಂದೆ. ಅವಳಿಗಾಗಿ ಅಂತ ಅವಳಿಗೆ ಹೇಳಿದೆ. ನನಗಾಗಿಯೂ ಹೌದು. ಉಣ್ಣಿಗೆ ಒಂದು ಉತ್ತರ ಬಾಕಿ ಇದೆ. ಅದೇ ಜನರ ಮುಂದೆ ಕೊಡಬೇಕು.

ಜನವರಿ 3, ಮಧ್ಯಾಹ್ನ

ಸಿಕ್ಕಿತು! ಕಾಫಿ ಆರಿಸುತ್ತಿದ್ದೆ, ಸೀತಳ ಹಾಡು ಬಾಯಿಗೆ ಬಂತು. ಅವಳ ಹಾಡಿನಲ್ಲೂ ನಗು ಇದೆಯಲ್ಲ. ಅವಳು ನಗುವುದು ಬಸ್ಸನ್ನು ನೋಡಿ. ಬಸ್ಸಿನೊಳಗೆ ಕೂತವರು ನಗುವುದು ರಸ್ತೆಯಲ್ಲಿ ನಿಂತವರನ್ನು ನೋಡಿ. ಎರಡೂ ನಗುವೇ. ಕಲೆ ಮಾತ್ರ ಒಂದೇ, ಅವಳದು. ‘ಉಣ್ಣೀ, ನೀನು ಬಸ್ಸಿನೊಳಗೆ ಕೂತಿದ್ದೀಯ.’ ಇಷ್ಟು ಹೇಳಿದರೆ ಸಾಕು. ಮಲಯಾಳದಲ್ಲಿ ಬಾಯಿಪಾಠ ಮಾಡುತ್ತಿದ್ದೇನೆ. ಎಲ್ಲೂ ತಡವರಿಸಬಾರದು.

ಇವರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. “ನಾನು ಬರಲ್ಲ. ಜನ ನಗೋದು ನೋಡೋಕೆ ನನ್ನ ಕೈಲಾಗಲ್ಲ” ಅಂದರು. ಬರಬೇಡಿ ಅಂದೆ. ಕೋಪ ಬಂತು, ಆಮೇಲೆ ಅಳು ಬಂತು.

ಜನವರಿ 10, ಶನಿವಾರ, ಸಂಜೆ ಐದೂವರೆ. ವಾಯನಶಾಲೆಯ ಹಿಂದಿನ ಕೋಣೆ

ಹಾಲ್ ತುಂಬಿದೆ. ಹೊರಗೂ ನಿಂತಿದ್ದಾರೆ. ಬಾಗಿಲ ಸಂದಿಯಿಂದ ನೋಡಿದೆ — ಮೂರನೆಯ ಸಾಲಿನಲ್ಲಿ ಇವರು! ಬರಲ್ಲ ಅಂದವರು. ಇಸ್ತ್ರಿ ಅಂಗಿ ಹಾಕಿ ಬಂದು ಕೂತಿದ್ದಾರೆ, ನೆಲ ನೋಡುತ್ತಾ.

ಉಣ್ಣಿ ಬಂದ. ಕೈಯಲ್ಲಿ ಊಟದ ಪೊಟ್ಟಣ. “ಚಪಾತಿ, ಪಲ್ಯ. ಈರುಳ್ಳಿ ಬೆಳ್ಳುಳ್ಳಿ ಇಲ್ಲ, ಹೇಳಿ ಮಾಡಿಸಿದ್ದು. ಹೊತ್ತು ಮುಳುಗೋ ಮುಂಚೆ ತಿನ್ನಿ ಚೇಚ್ಚೀ.” ಈ ಮನುಷ್ಯನನ್ನು ಹೇಗೆ ದ್ವೇಷಿಸುವುದು ಹೇಳಿ! ಒಂದು ಗಳಿಗೆ ಎಲ್ಲ ಮರೆತೆ. ಆಮೇಲೆ ಇನ್ನೊಂದು ಚೀಲ ತೆಗೆದ. ಕೆಂಪು ಟೋಪಿ, ಕಪ್ಪು ಕನ್ನಡಕ.

“ತರ್ಕ ಬೇಡ ಅಂತ ಬಾಲನ್ ಸಾರ್ ಹೇಳಿದ್ರು. ಜನಕ್ಕೆ ಬೋರ್ ಆಗುತ್ತೆ. ಸ್ಕ್ರೀನ್ ಮೇಲೆ ನಿಮ್ಮ ಹಿಟ್ ಕ್ಲಿಪ್ ಹಾಕ್ತೀವಿ. ಚೇಚ್ಚಿ ಇದನ್ನ ಹಾಕ್ಕೊಂಡು ಮುಂದೆ ನಿಂತ್ಕೊಳ್ಳಿ. ಮಾತೇನೂ ಬೇಡ. ಬಾಯಿ ಆಡಿಸಿದ್ರೆ ಸಾಕು.”

ಅವನ ಮುಖವನ್ನೇ ನೋಡಿದೆ. ಚುಚ್ಚಲು ಹೇಳಿದನೇ ಅಂತ. ಇಲ್ಲ. ಎಷ್ಟು ಹುಡುಕಿದರೂ ಇಲ್ಲ.

“ಉಣ್ಣೀ, ಈಗ ಏನಂದೆ ಗೊತ್ತಾ?”

“ಏನಂದೆ? ಬೇಗ ಊಟ ಮಾಡಿ ಚೇಚ್ಚೀ, ಟೈಮಾಯ್ತು.”

ಮರೆತಿದ್ದಾನೆ. ಕತ್ತರಿಸಿ, ಅಂಟಿಸಿ, ಡೋಲು ಕೂರಿಸಿ, ಊರಿಗೆಲ್ಲ ಹಂಚಿದ ಮಾತು ಅವನಿಗೆ ನೆನಪೇ ಇಲ್ಲ. ಕದ್ದು ಹಿಡಿದದ್ದನ್ನು ಬೇಕಾದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ಅವನು ಕೇಳಿಸಿಕೊಂಡೇ ಇರಲಿಲ್ಲ.

ಸೀತ ಪಕ್ಕದಲ್ಲೇ ಕೂತಿದ್ದಾಳೆ. ಎಲ್ಲ ಕೇಳಿಸಿಕೊಂಡಳು. ಅವನು ಹೋದ ಮೇಲೆ ಟೋಪಿಯನ್ನು ಮಡಚಿ ಮಡಚಿ ಕುರ್ಚಿಯ ಕೆಳಗೆ ತಳ್ಳಿದಳು. “ಅಮ್ಮ, ನನ್ನ ಹಾಡು ಬರುತ್ತಾ ನಿಮಗೆ?” ಅಂತ ಕೇಳಿದಳು. ತೋಟದಲ್ಲಿ ಅದೆಷ್ಟು ಸಲ ಅಂದುಕೊಂಡಿದ್ದೇನೆ, ಬರದೇ ಇರುತ್ತದೆಯೇ. “ಹಾಗಾದ್ರೆ ಜೊತೆಗೇ ಹೋಗಿ ಹಾಡೋಣ” ಅಂದಳು.

ಪೊಟ್ಟಣ ಹಾಗೇ ಇದೆ. ಕಿಟಕಿಯಲ್ಲಿ ಬೆಳಕು ಹೋಯಿತು. ಇನ್ನು ಇವತ್ತು ಊಟವಿಲ್ಲ.

ಹೊರಗೆ ಕರೆಯುತ್ತಿದ್ದಾರೆ. ರ‍್ಯಾಪ್ ಅಮ್ಮಾಯಿ, ರ‍್ಯಾಪ್ ಅಮ್ಮಾಯಿ. ಈಗಲೇ ನಗುತ್ತಿದ್ದಾರೆ. ನನಗೆ ಮೈಕು ಇಟ್ಟಿಲ್ಲವಂತೆ, ಒಂದೇ ಇದೆ, ಸೀತಳದು. ಇಲ್ಲದಿದ್ದರೆ ಬೇಡ. ಮೂರನೆಯ ಸಾಲಿಗೆ ಕೇಳಿಸುವಷ್ಟು ಶಬ್ದ ನನ್ನ ಗಂಟಲಲ್ಲಿ ಇದೆ. ಹೊರಟೆ.