ಆಸಕ್ತರು ಅರ್ಜಿ ಸಲ್ಲಿಸಬಹುದು

ಕಾಲೇಜು ಕಚೇರಿ
ಜನವರಿ ೧೭, ಶನಿವಾರ, ಊಟದ ಬಿಡುವು

ನನ್ನ ಚೂಟಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಾನೂ ನಿನ್ನ ಅಮ್ಮನೂ ಕ್ಷೇಮ. ನಿನ್ನ ಕ್ಷೇಮದ ವಿವರಗಳನ್ನು ಕೂಡಲೇ ಸಲ್ಲಿಸತಕ್ಕದ್ದು. ನಗಬೇಡ. ಇಪ್ಪತ್ತಾರು ವರ್ಷ ಕಾಲೇಜಿನ ನೋಟಿಸು ಬರೆದ ಕೈ ಇದು, ಬೇರೆ ಥರ ಶುರು ಮಾಡು ಅಂದರೆ ಕೇಳುವುದಿಲ್ಲ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ತಡವಾಯಿತು, ತಪ್ಪು ನನ್ನದೇ. ಕೆಲಸ ಜಾಸ್ತಿ ಇತ್ತು ಎಂದು ಬರೆದು ಒಂದು ಹಾಳೆ ಹರಿದೆ, ಜ್ವರ ಬಂದಿತ್ತು ಎಂದು ಬರೆದು ಇನ್ನೊಂದು ಹರಿದೆ. ಕೆಲಸವೂ ಇರಲಿಲ್ಲ, ಜ್ವರವೂ ಇರಲಿಲ್ಲ.

ನೀನು ಕೇಳಿದ್ದು ಇಷ್ಟೇ. "ಅಪ್ಪ, ಫೆಲೋಶಿಪ್ಪನ್ನ ಇನ್ನೊಂದು ವರ್ಷ ಮುಂದುವರಿಸ್ತೀಯಾ ಅಂತ ಕೇಳ್ತಿದ್ದಾರೆ. ಇಲ್ಲೇ ಇರ್ಲಾ, ಬಂದುಬಿಡ್ಲಾ? ಜನವರಿ ಇಪ್ಪತ್ತೆಂಟನೇ ತಾರೀಖು ಕೊನೆ ದಿನ. ನೀನು ಹೇಳಿದ ಹಾಗೆ ಮಾಡ್ತೀನಿ. ಫೋನಲ್ಲಿ ಬೇಡ, ಅಲ್ಲಿ ನೀನು ಹೂಂ, ಊಹೂಂ ಬಿಟ್ಟು ಮೂರನೇ ಮಾತಾಡಲ್ಲ. ಬರೆದು ಹೇಳು." ಹೇಳುತ್ತೇನೆ. ಸ್ವಲ್ಪ ತಾಳು, ಮೊದಲು ಮನೆಯ ಸುದ್ದಿ ಮುಗಿಸಿಬಿಡುತ್ತೇನೆ.

ನಿನ್ನ ಅಮ್ಮನಿಗೆ ಈ ಸಲ ಎರಡು ಶಾಲೆಯ ಯೂನಿಫಾರಂ ಹೊಲಿಯುವ ಕೆಲಸ ಸಿಕ್ಕಿದೆ. ಮನೆ ತುಂಬ ನೀಲಿ ಬಟ್ಟೆ. ನಾನು ಕೂತ ಕುರ್ಚಿಯಿಂದ ಏಳುವಾಗೆಲ್ಲ ಹಿಂದೆ ಒಂದು ತೋಳು ಅಂಟಿಕೊಂಡಿರುತ್ತದೆ. ನಿನ್ನ ಪ್ರಶ್ನೆಯನ್ನು ಅವಳಿಗೆ ಓದಿ ಹೇಳಿದೆ. ಹೊಲಿಗೆ ಮಿಷನ್ ನಿಲ್ಲಿಸದೆಯೇ, "ಇರ್ಲಿ ಬಿಡಿ ಅವಳು ಅಲ್ಲೇ. ಅವಳ ಮಂಚದ ಮೇಲೆ ನೂರಿಪ್ಪತ್ತು ಲಂಗ ಹರವಿಕೊಂಡಿದ್ದೀನಿ. ಈಗ ಬಂದ್ರೆ ಎಲ್ಲಿ ಮಲಗ್ತಾಳೆ, ನನ್ನ ತಲೆ ಮೇಲಾ?" ಎಂದಳು. ಆಮೇಲೆ ಸೂಜಿಗೆ ದಾರ ಪೋಣಿಸಲು ನಾಲ್ಕು ಸಲ ಒದ್ದಾಡಿದಳು. ಯಾಕೆಂದು ಕೇಳಿದ್ದರೆ ಕನ್ನಡಕದ ಮೇಲೆ ಗೂಬೆ ಕೂರಿಸುತ್ತಿದ್ದಳು.

ಕಾಲೇಜಿನ ಸುದ್ದಿ ಏನೆಂದರೆ, ಹೊಸ ಪ್ರಾಂಶುಪಾಲರು ನನ್ನ ನೋಟಿಸ್ ಬೋರ್ಡಿನ ಮೇಲೆ ಕಣ್ಣು ಹಾಕಿದ್ದಾರೆ. "ಇನ್ನು ಈ ಸ್ವಯಂಸೇವೆ, ಫೆಲೋಶಿಪ್ಪು, ತರಬೇತಿ, ಎಲ್ಲಾ ಮಕ್ಕಳ ಮೊಬೈಲಿಗೇ ಕಳಿಸಿಬಿಡೋಣ. ಬೋರ್ಡ್ ಯಾರ್ರೀ ನೋಡ್ತಾರೆ?" ಎಂದರು. ಯಾರು ನೋಡುತ್ತಾರಂತೆ! ರಕ್ತದಾನಕ್ಕೆ, ಕಣ್ಣು ಕಾಣದ ಮಕ್ಕಳ ಪರೀಕ್ಷೆ ಬರೆದುಕೊಡುವುದಕ್ಕೆ, ಜೈಲಿನ ಗ್ರಂಥಾಲಯದಲ್ಲಿ ಪಾಠ ಹೇಳುವುದಕ್ಕೆ ಈ ಕಾಲೇಜಿನಿಂದ ಹೋದವರೆಲ್ಲ ಆ ಬೋರ್ಡಿನ ಗಾಜಿನ ಬಾಗಿಲಿಗೆ ಮೂಗು ಒತ್ತಿ ಓದಿಯೇ ಹೋದದ್ದು. ಮೂಗಿನ ಗುರುತನ್ನು ದಿನಾ ಬೆಳಿಗ್ಗೆ ಒರೆಸುವವನು ನಾನು. ಒಂದು ನೋಟಿಸಿಗೆ ನಾಲ್ಕು ಪಿನ್ನು, ಒಂದೊಂದು ಮೂಲೆಗೆ ಒಂದು. ಹಿಂದುಗಡೆ ಪೆನ್ಸಿಲಿನಲ್ಲಿ ಮೂರು ಸಾಲು: ಬಂದದ್ದು, ಹಾಕಿದ್ದು, ತೆಗೆದದ್ದು. ಒಂದು ದಿನವೂ ತಪ್ಪಿಸಿಲ್ಲ ಎಂದು ಅವರ ಮುಂದೆ ಎದೆ ತಟ್ಟಿಕೊಂಡೆ. ಹೇಳಿ ಹೊರಗೆ ಬಂದವನು ಯಾಕೋ ಒರೆಸಿದ ಗಾಜನ್ನೇ ಮತ್ತೊಮ್ಮೆ ಒರೆಸಿದೆ.

ನಿನ್ನ ಆಸ್ಪತ್ರೆಯ ಕಥೆಯನ್ನು ಮೂರು ಸಲ ಓದಿದೆ. ಆರು ಬಾಗಿಲು, ಆರಕ್ಕೂ ಒಂದೇ ಹಸಿರು ಬಣ್ಣ, ಎದೆ ನೋವಿನವರು ಬೆಳಗಿನಿಂದ ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕೂತಿರುತ್ತಾರೆ ಎಂದು ಬರೆದಿದ್ದೆ. ನೀನು ಮೇಲಿನವರ ಅಪ್ಪಣೆಗೂ ಕಾಯದೆ ಬಣ್ಣದ ಡಬ್ಬ ತಂದು ಬಾಣದ ಗುರುತು ಬರೆದೆಯಂತೆ. ನನ್ನ ಮಗಳಲ್ಲವೇ ಎಂದುಕೊಂಡೆ. ಇಲ್ಲ, ಈ ವಿಷಯದಲ್ಲಿ ನೀನು ಅಮ್ಮನ ಮಗಳು. ನಾನಾಗಿದ್ದರೆ ಅರ್ಜಿ ಕೊಟ್ಟು ಕೂತಿರುತ್ತಿದ್ದೆ.

ಅಲ್ಲಿಗೆ ಬಂದ ಅಜ್ಜಿಯೊಬ್ಬಳ ವಿಷಯ ನೀನು ಬರೆದದ್ದು ಓದಿ ಕಚೇರಿಯಲ್ಲೇ ಜೋರಾಗಿ ನಕ್ಕುಬಿಟ್ಟೆ, ಪಕ್ಕದ ಟೇಬಲ್ಲಿನ ಕ್ಯಾಷಿಯರಮ್ಮ ಗಾಬರಿಯಾದರು. ಹಳೆಯದು ನೆನಪಾಯಿತು. ನಿನಗೆ ಆರು ವರ್ಷ ಆಗ. ಶಾಲೆ ಬಿಟ್ಟ ಮೇಲೆ ಬಂದು ನನ್ನ ಸ್ಟೂಲಿನ ಮೇಲೆ ನಿಂತು ಬೋರ್ಡನ್ನು ಅಕ್ಷರ ಕೂಡಿಸಿಕೊಂಡು ಓದುತ್ತಿದ್ದೆ. ಎಲ್ಲ ನೋಟಿಸಿನ ಕೊನೆಯಲ್ಲೂ "ಆಸಕ್ತರು ಅರ್ಜಿ ಸಲ್ಲಿಸಬಹುದು" ಎಂದಿರುತ್ತದಲ್ಲ, ನೀನು ಅದನ್ನು "ಅಶಕ್ತರು" ಎಂದು ಓದಿ, "ಅಪ್ಪ, ಕೈಲಾಗದವ್ರನ್ನೇ ಯಾಕೆ ಕರೀತಾರೆ?" ಎಂದು ಕೇಳಿದ್ದೆ. ಅಂದಿನಿಂದ ನಮ್ಮ ಮನೆಯಲ್ಲಿ ಡಬ್ಬದ ಮುಚ್ಚಳ ತೆಗೆಯಲು ಬಾರದವರು, ಬೆನ್ನು ಹಿಡಿದುಕೊಂಡವರು, ಸಿಟ್ಟು ಮಾಡಿಕೊಂಡು ಮಾತು ಬಿಟ್ಟವರು ಎಲ್ಲರೂ ಅಶಕ್ತರೇ, ಎಲ್ಲರೂ ಅರ್ಜಿ ಸಲ್ಲಿಸಿದವರೇ. ಈಗ ಆ ಅಜ್ಜಿ ಮೆಟ್ಟಿಲ ಬುಡದಲ್ಲಿ ಕೂತು "ನನ್ನ ಕೈಲಾಗಲ್ಲಮ್ಮ" ಅಂದಾಗ ನೀನು "ಅಶಕ್ತರು ಅರ್ಜಿ ಸಲ್ಲಿಸಬಹುದು ಅಜ್ಜಿ" ಎಂದೆಯಂತೆ. "ಎಲ್ಲಿ ಸಲ್ಲಿಸ್ಬೇಕು ತಾಯಿ?" "ನನಗೇ ಸಲ್ಲಿಸ್ಬೇಕು" ಎಂದು ಕೈ ಕೊಟ್ಟೆಯಂತೆ. ನಗುತ್ತಾ ನಗುತ್ತಾ ನನ್ನ ಕಣ್ಣು ತುಂಬಿತು ಕಣೇ.

ಇಂಥ ಕೆಲಸ ನಿನಗೆ ಒಂದು ವರ್ಷ ಮೊದಲೇ ಸಿಗಬೇಕಾಗಿತ್ತು. ಈ ಕಾಲೇಜಿನಲ್ಲಿ ನಿನ್ನ ಕೊನೆಯ ವರ್ಷ, ಫೆಲೋಶಿಪ್ ಅರ್ಜಿಯ ದಿನ ಮುಗಿದು ಮೂರು ದಿನಕ್ಕೆ ಬೇರೆ ಕಾಲೇಜಿನ ಗೆಳತಿಯಿಂದ ಸುದ್ದಿ ತಿಳಿದು ನೀನು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ಟೀ ಮಾಡಿ ತಂದುಕೊಟ್ಟೆ. ನಿನ್ನ ಜೊತೆಯವರು "ನಿಮ್ಮಪ್ಪನದೇ ಬೋರ್ಡು, ನಿನಗೇ ಗೊತ್ತಾಗ್ಲಿಲ್ವಾ?" ಎಂದು ಚುಚ್ಚಿದಾಗ, "ಬಂದಿದ್ರೆ ನಮ್ಮಪ್ಪ ಹಾಕದೆ ಇರ್ತಿದ್ರಾ? ಅಂಚೆಯಲ್ಲಿ ಎಲ್ಲೋ ಕಳೆದುಹೋಗಿದೆ" ಎಂದು ಅವರ ಬಾಯಿ ಮುಚ್ಚಿಸಿದ್ದೆ. ಆ ಒಂದು ವರ್ಷ ಜೆರಾಕ್ಸ್ ಅಂಗಡಿಯಲ್ಲಿ ಬೇರೆಯವರ ಅರ್ಜಿಗಳನ್ನು ಪ್ರತಿ ತೆಗೆಯುತ್ತಾ ನಿಂತೆ. ಮರುವರ್ಷ ನೀನೇ ನೇರವಾಗಿ ಫೆಲೋಶಿಪ್ ಕಚೇರಿಗೆ ಬರೆದು ಅರ್ಜಿಯನ್ನು ಮನೆಗೆ ತರಿಸಿಕೊಂಡೆ.

ಪೆನ್ಸಿಲ್ ನೆನಪಿದ್ದಾಳಾ? ನಿನ್ನ ತರಗತಿಯವಳೇ, ತುರುಬಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ದಿನಾ ಬೋರ್ಡಿನ ಮುಂದೆ ನಿಂತು ನೋಟಿಸು ಬರೆದುಕೊಳ್ಳುತ್ತಿದ್ದಳಲ್ಲ, ಓದು ನಡುವೆ ಬಿಟ್ಟು ತಡವಾಗಿ ಕಾಲೇಜು ಸೇರಿದವಳು. ಮೊನ್ನೆ ಸೋಮವಾರ ಸರ್ಟಿಫಿಕೇಟಿಗೆ ಬಂದಿದ್ದಳು. ಬಟ್ಟೆ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಾಳೆ. ನಿನ್ನನ್ನು ತುಂಬಾ ಕೇಳಿದಳು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಇರು, ಮಗಳೇ. ಆ ಆರು ಬಾಗಿಲಿನ ಮುಂದೆ ನೀನು ಬೇಕು. ಆದರೆ "ನೀನು ಹೇಳಿದ ಹಾಗೆ" ಎಂದು ಬರೆದಿದ್ದೀಯಲ್ಲ, ಆ ಮಾತನ್ನು ಮಾತ್ರ ಹೊಡೆದುಹಾಕು. ನಿನಗೆ ಬೇಕಾಗಿದ್ದರೆ ಇರು, ಬೇಡವಾಗಿದ್ದರೆ ಬಾ. ಅಪ್ಪನ ಮುಖ ನೋಡಬೇಡ. ಈ ಕಾಗದ ತಲುಪಲು ಐದು ದಿನ ಬೇಕು. ಇವತ್ತೇ, ನನ್ನ ಕೈಯಾರೆ ಅಂಚೆಗೆ ಹಾಕುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಎಲ್ಲರ ಭಾರವನ್ನೂ ನೀನೊಬ್ಬಳೇ ಹೊರಬೇಡ. ನೂರು ವರ್ಷ ಚೆನ್ನಾಗಿರು, ಹೋದ ಕಡೆಯೆಲ್ಲ ಹೀಗೇ ಬಾಣದ ಗುರುತು ಬರೆಯುತ್ತಿರು.

ನಿನ್ನ
ಅಪ್ಪ

ವಿಶೇಷ ಸೂಚನೆ: ಕಾಗದ ಮಡಚಿದ್ದೆ. ಮತ್ತೆ ಬಿಚ್ಚಿದ್ದೇನೆ. ಇದನ್ನು ಬರೆಯದೆ ಹಾಕಿದರೆ ನಾನು ಮನುಷ್ಯನೇ ಅಲ್ಲ.

ಆ ವರ್ಷದ ನೋಟಿಸು ಅಂಚೆಯಲ್ಲಿ ಕಳೆದುಹೋಗಿರಲಿಲ್ಲ, ಚೂಟಿ. ಬಂದಿತ್ತು. ಕೊನೆ ದಿನಕ್ಕೆ ಇನ್ನೂ ಹದಿನೆಂಟು ದಿನ ಇರುವಾಗಲೇ ಬಂದಿತ್ತು. ಓದಿದೆ. ದೂರದ ಊರು, ಒಂದು ವರ್ಷ ಎಂದಿತ್ತು. ಇದನ್ನು ನೋಡಿದರೆ ನೀನು ಹೊರಟೇಬಿಡುತ್ತೀಯ ಎಂದು ಗೊತ್ತಾಯಿತು. ನಾಳೆ ಹಾಕಿದರಾಯಿತು ಎಂದು ಡ್ರಾಯರಿನಲ್ಲಿಟ್ಟೆ. ಮರುದಿನವೂ ನಾಳೆ ಎಂದೆ. ಹದಿನೆಂಟು ದಿನವೂ ನಾಳೆ ಎಂದೆ. ದೊಡ್ಡ ಕಾರಣ ಏನೂ ಇಲ್ಲ. ಸಂಜೆ ಮನೆಯ ಬಾಗಿಲು ತೆಗೆದಾಗ ಒಳಗಿನಿಂದ ನಿನ್ನ ದನಿ ಬೇಕಾಗಿತ್ತು, ಅಷ್ಟೇ. ನೀನು ಅಳುವಾಗ ಟೀ ಲೋಟ ಹಿಡಿದು ನಿಂತಿದ್ದವನು ಇವನೇ.

ಸೋಮವಾರ ಪೆನ್ಸಿಲ್ ಹೋಗುವಾಗ ಬಾಗಿಲಲ್ಲಿ ನಿಂತು, "ಆ ವರ್ಷ ನಮಗೆ ಫೆಲೋಶಿಪ್ ನೋಟಿಸು ಬರ್ಲೇ ಇಲ್ಲ ಅಲ್ವಾ ಸರ್? ನನಗೆ ಅದೇ ಕೊನೇ ಅವಕಾಶ. ಮರುವರ್ಷ ವಯಸ್ಸು ದಾಟ್ತು" ಎಂದಳು. ನಾನು "ಇಲ್ಲಮ್ಮ, ಬರ್ಲಿಲ್ಲ" ಎಂದೆ. ನಾಲಿಗೆ ಅಷ್ಟು ಸಲೀಸಾಗಿ ಹೊರಳಿತು. ನಿನ್ನೊಬ್ಬಳನ್ನು ಮನೆಯಲ್ಲಿ ಉಳಿಸಿಕೊಳ್ಳಲು ಇನ್ನೊಬ್ಬರ ಮಗಳ ಬಾಗಿಲನ್ನೂ ಮುಚ್ಚಿದ್ದೆ ಎಂದು ಅವತ್ತಿನವರೆಗೆ ನನಗೆ ಹೊಳೆದೇ ಇರಲಿಲ್ಲ.

ನಿನ್ನೆ ಅವಳ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. ಎದುರಿಗಿದ್ದ ಗಿರಾಕಿಯ ಬಿಲ್ಲು ಮುಗಿಸಿದಳು, ಪೆನ್ನಿನ ಮುಚ್ಚಳ ಹಾಕಿದಳು. "ಎಷ್ಟು ದಿನ ಇತ್ತು ಸರ್ ಡ್ರಾಯರಲ್ಲಿ?" "ಹದಿನೆಂಟು ದಿನ." "ಅಷ್ಟೂ ದಿನ ನಾನು ಬಂದು ನೋಡಿದ್ದೀನಿ ಸರ್. ನೀವು ಗಾಜು ಒರೆಸ್ತಾ ಇರ್ತಿದ್ರಿ." ಅಷ್ಟು ಹೇಳಿ ಮುಂದಿನವರನ್ನು ಕರೆದಳು. ತಪ್ಪು ನನ್ನದು, ಅವಳ ವಯಸ್ಸಿನ ಮಿತಿ ಸಡಿಲಿಸಿ ಎಂದು ಫೆಲೋಶಿಪ್ ಕಚೇರಿಗೆ ಬರೆದಿದ್ದೇನೆ. ಏನಾಗುತ್ತದೋ ಗೊತ್ತಿಲ್ಲ. ಬರುವ ಸೋಮವಾರ ಪ್ರಾಂಶುಪಾಲರಿಗೂ ಬರೆದು ಕೊಡುತ್ತೇನೆ. ಇವತ್ತು ರಾತ್ರಿ ಊಟಕ್ಕೆ ಮೊದಲು ನಿನ್ನ ಅಮ್ಮನಿಗೂ ಹೇಳುತ್ತೇನೆ.

ನಿನ್ನ ಕಾಗದಕ್ಕೆ ಮೂರು ವಾರ ಉತ್ತರ ಬರೆಯಲಿಲ್ಲವಲ್ಲ, ಅದೂ ಅದೇ ಡ್ರಾಯರಿನಲ್ಲಿತ್ತು. ಇಪ್ಪತ್ತೆಂಟು ತಾನಾಗಿಯೇ ದಾಟಿಹೋಗಲಿ ಎಂದು ಒಳಗೆಲ್ಲೋ ಅದೇ ಹಳೆಯ ಆಸೆ ಮತ್ತೆ ಕೂತಿತ್ತು. ಇದನ್ನೂ ಮುಚ್ಚಿಡುವುದಿಲ್ಲ.

ಆ ನೋಟಿಸನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಹಿಂದೆ ತಿರುಗಿಸಿ ನೋಡು. "ಬಂದದ್ದು" ಎಂಬುದರ ಮುಂದೆ ತಾರೀಖಿದೆ, ಉಳಿದೆರಡು ಖಾಲಿ. ನಾಲ್ಕು ಮೂಲೆಯಲ್ಲಿ ಒಂದು ಪಿನ್ನಿನ ತೂತೂ ಇಲ್ಲ.

ಹೊಟ್ಟೆಗೆ ಹಾಕಿಕೋ ಎಂದು ಕೇಳಲು ನನಗೆ ಮುಖವಿಲ್ಲ. ಆದರೆ ಅಶಕ್ತರು ಅರ್ಜಿ ಸಲ್ಲಿಸಬಹುದು, ನಿನಗೇ ಸಲ್ಲಿಸಬೇಕು ಎಂದು ಆ ಅಜ್ಜಿಗೆ ಹೇಳಿದ್ದೀಯಲ್ಲ. ಸಲ್ಲಿಸಿದ್ದೇನೆ ಮಗಳೇ. ಇದಕ್ಕೆ ಕೊನೆಯ ದಿನಾಂಕ ಹಾಕಿಲ್ಲ.