ಬೆಳ್ಳಿ ತುಂಬದ ಸುರ್ಮಾದಾನಿ

ಭಾಲ್ಕಿಯ ನನ್ನ ಹಟಮಾರಿ ಫುಪ್ಪಿ ಬಿಸ್ಮಿಲ್ಲಾಬೀಗೆ, ಔರಾದಿನಿಂದ ಮುಸರ್ರತಳ ಸಲಾಮು.

ಫೋನು ಮಾಡಿದರೆ ಕಟ್ ಮಾಡುತ್ತೀರಿ. ಬಾಗಿಲಿಗೆ ಬಂದರೆ "ಮೈಯಾಗ ಆರಾಮ ಇಲ್ಲವ್ವಾ, ಮತ್ತೊಮ್ಮೆ ಬಾ" ಎಂದು ಒಳಗಿನಿಂದಲೇ ಸಾಗಹಾಕುತ್ತೀರಿ. ಹೆತ್ತ ತಂದೆಯ ತಂಗಿ ಎಂದು ಎಷ್ಟು ದಿನ ಸುಮ್ಮನಿರಲಿ? ಕನ್ನಡ ಸಾಲಿಯ ಟೀಚರಮ್ಮ ನಾನು, ಬರೆಯುವುದನ್ನು ಯಾರೂ ತಡೆಯಲಾರರು. ಪಕ್ಕದ ಮನೆಯ ಕಸ್ತೂರಿಬಾಯಿ ನಿಮಗೆ ಓದಿ ಹೇಳುತ್ತಾರೆ. ಕಸ್ತೂರಿಬಾಯಿ, ಇವರು ನಡುವೆ ಎದ್ದು ಹೋಗದಂತೆ ಕೈಗೊಂದು ಕಪ್ಪು ಚಹಾ ಕೊಟ್ಟು ಕೂರಿಸಿ, ಆಮೇಲೆ ಮುಂದೆ ಓದಿ.

ಮೊದಲು ಮುಖ್ಯ ಮಾತು. ನನ್ನ ತಮ್ಮ ಖಾಲಿದನ ಕಣ್ಣು ಹೋಗಿಲ್ಲ. ನೀವು ಅದನ್ನು ಹಾಳು ಮಾಡಿಲ್ಲ. ಬೇಕಾದರೆ ಈ ಸಾಲನ್ನು ಕಸ್ತೂರಿಬಾಯಿ ಇನ್ನೊಮ್ಮೆ ಓದಲಿ.

ಬೀದರಿನಲ್ಲಿ ಲೋಹಕ್ಕೆ ಗೆರೆ ಕೊರೆದು ಬೆಳ್ಳಿ ತುಂಬುವ ಬಿದರಿ ಕೆಲಸ ಮಾಡುತ್ತ ಕುಳಿತವನಿಗೆ ಮೊದಲು ಸಂಜೆಯ ಹೊತ್ತು ಮಂಜಾಯಿತು, ಆಮೇಲೆ ಹಗಲಿನಲ್ಲೂ ಉಳಿ ಗೆರೆ ಬಿಟ್ಟು ಪಕ್ಕಕ್ಕೆ ಓಡತೊಡಗಿತು. ಹೈದರಾಬಾದಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿ, ಕಣ್ಣಿನ ಹಿಂದಿನ ಪರದೆ ಸವೆಯುತ್ತಿದೆ, ಇದು ಮನೆತನದಲ್ಲೇ ಬರುವ ರೋಗ ಎಂದರು. ಕೆಟ್ಟ ಜೀನಿನ ಕೆಲಸವನ್ನು ಮಾಡುವ ಒಳ್ಳೆಯ ಜೀನನ್ನು ಔಷಧಿಯಲ್ಲಿ ಸೇರಿಸಿ, ಕಣ್ಣಿನ ಬಿಳಿ ಪದರದ ಕೆಳಗಿನ ಸಣ್ಣ ಸಂದಿಗೆ ಸೂಜಿಯಿಂದ ಬಿಡುತ್ತಾರಂತೆ. ಅದು ಕಣ್ಣಿನ ಸುತ್ತ ಹರಡಿ ಹಿಂದಿನ ಪರದೆಯನ್ನು ಮುಟ್ಟುತ್ತದೆ. ಇದು ಇನ್ನೂ ಪರೀಕ್ಷೆಯ ಹಂತದಲ್ಲಿದೆ, ಸತ್ತ ಭಾಗ ಮತ್ತೆ ಬದುಕುವುದಿಲ್ಲ, ಉಳಿದದ್ದನ್ನು ಕಾಪಾಡಬಹುದು, ದಣಿದದ್ದು ಚೇತರಿಸಿಕೊಳ್ಳಲೂಬಹುದು ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಖಾಲಿದ ಹೂಂ ಎಂದ, ಒಂದು ಕಣ್ಣಿಗೆ ಸೂಜಿ ಆಯಿತು.

ಆಮೇಲೆ ಆ ಶುಕ್ರವಾರ. ಕಣ್ಣಿನ ಪಟ್ಟಿ ಬಿಚ್ಚಿದ್ದಾರೆಂದು ಕೇಳಿದ್ದೇ ತಡ, ಭಾಲ್ಕಿಯಿಂದ ಬೆಳಗಿನ ಬಸ್ಸು ಹತ್ತಿ ಔರಾದಿನ ನಮ್ಮ ಮನೆಗೆ ಬಂದಿರಿ. ನಾವು ಚಿಕ್ಕವರಿದ್ದಾಗ ಶುಕ್ರವಾರ ಶುಕ್ರವಾರ ನಮ್ಮ ತಲೆಯನ್ನು ಮಡಿಲಲ್ಲಿ ಒತ್ತಿ ಹಿಡಿದು ಕಣ್ಣಿಗೆ ಸುರ್ಮಾದ ಕಪ್ಪು ಹಚ್ಚುತ್ತಿದ್ದಿರಲ್ಲ, ಅದೇ ಸುರ್ಮಾದಾನಿಯ ಪುಟ್ಟ ಭರಣಿ ಸೆರಗಿನಲ್ಲಿತ್ತು. "ಜುಮ್ಮಾ ನಮಾಜಕ್ಕ ಹೊಂಟ ಗಂಡಸಿನ ಕಣ್ಣು ಹಿಂಗ ಬೋಳ ಇದ್ರ ಹ್ಯಾಂಗಪಾ?" ಎಂದು ಆ ಕಣ್ಣಿಗೇ ಕಡ್ಡಿ ಎಳೆದಿರಿ. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಮುಗಿದಿತ್ತು. ಮಧ್ಯಾಹ್ನಕ್ಕೆ ಕಣ್ಣು ಕೆಂಪಾಗಿ ಊದಿತು. ನಾವು ಆಸ್ಪತ್ರೆಗೆಂದು ಕಾರು ಹತ್ತುವಾಗ ನೀವು ಬಾಗಿಲಲ್ಲಿ ನಿಂತು, "ನನ್ನ ಕೈ ಮುರದು ಬೀಳಲಿ" ಎಂದು ನಿಮ್ಮ ತಾಯಿಯ ಕಾಲದ ಆ ಸುರ್ಮಾದಾನಿಯನ್ನು ಗಟಾರಕ್ಕೆ ಎಸೆದಿರಿ. ಅಂದಿನಿಂದ ನಮ್ಮ ಮನೆಯ ಕಡೆ ತಲೆ ಹಾಕಿಲ್ಲ.

ಡಾಕ್ಟರು ಬೈದರು, ಸುಳ್ಳೇಕೆ ಹೇಳಲಿ. ಕಣ್ಣು ತೊಳೆದು, ಹನಿ ಔಷಧಿ ಕೊಟ್ಟು, ಇನ್ನು ಈ ಕಣ್ಣಿಗೆ ಸುರ್ಮಾ ಬೇಡವೇ ಬೇಡ ಎಂದರು. ಆದರೆ ಸುರ್ಮಾ ಮೇಲಷ್ಟೇ ಇತ್ತು, ಔಷಧಿ ಹಿಂದೆ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಊತ ಇಳಿಯಿತು. ಮೊನ್ನೆ ಸಂಜೆ ಖಾಲಿದ ಕೆಲಸದ ಜಾಗದಿಂದಲೇ ಫೋನು ಮಾಡಿದ. "ಆಪಾ, ಗೆರಿ ಕಾಣಲತ್ತದ. ದೀಪ ಹಚ್ಚಿಲ್ಲ ಇನ್ನ, ಆದ್ರೂ ಕಾಣಲತ್ತದ" ಎಂದ. ನನಗೆ ಅಳು ತಡೆಯಲಾಗಲಿಲ್ಲ. ಮೂವತ್ತು ಮಕ್ಕಳಿಗೆ ಮಗ್ಗಿ ಹೇಳಿಸುವವಳು ನೆಲದ ಮೇಲೆ ಕುಳಿತು ಅತ್ತೆ.

ಈಗ ನಿಮ್ಮ ಸರದಿ. ಸಂಜೆಯ ಮಗರಿಬ್ ನಮಾಜು ಆದಮೇಲೆ ನೀವು ಅಂಗಳಕ್ಕೂ ಇಳಿಯುವುದಿಲ್ಲ. ಕಪ್ಪಿನೊಳಗೆ ಬೆರಳಿಟ್ಟುಕೊಂಡು ಚಹಾ ಸುರಿಯುತ್ತೀರಿ, ಬೆರಳು ಸುಟ್ಟರೆ ಕಪ್ಪು ತುಂಬಿತೆಂದು ಲೆಕ್ಕ. ನಾವೇನು ನೋಡಿಲ್ಲ ಅಂದುಕೊಂಡಿರಾ? ಆ ದಿನವೂ ನೀವು ಸುರ್ಮಾ ಹಚ್ಚಿದ್ದು ಕೈಯ ರೂಢಿಯಿಂದ. ಸೂಜಿ ಚುಚ್ಚಿದ ಕಲೆ ಆ ಕಣ್ಣಿನಲ್ಲಿ ಎದ್ದು ಕಾಣುತ್ತಿತ್ತು, ನಿಮಗೆ ಮಾತ್ರ ಕಾಣಲಿಲ್ಲ. ತಪ್ಪು ನಿಮ್ಮ ಕೈಯದಲ್ಲ ಫುಪ್ಪಿ. ಖಾಲಿದನಿಗೆ ಬಂದ ರೋಗ ನಿಮಗೂ ಬಂದಿದೆ, ಅದನ್ನು ನೀವು ಇಷ್ಟು ವರ್ಷ ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದೀರಿ.

ಮನೆತನದಲ್ಲಿ ಮತ್ತಾರಿಗಿದೆ ಎಂದು ಡಾಕ್ಟರು ಕೇಳಿದಾಗ ಖಾಲಿದ ನಿಮ್ಮ ಹೆಸರು ಹೇಳಿದ. ಈ ಪರೀಕ್ಷೆಗೆ ಹೊಸಬರನ್ನು ತೆಗೆದುಕೊಳ್ಳುವುದು ರಮಜಾನಿನ ಮೊದಲೇ ನಿಲ್ಲುತ್ತದೆ. ಪರದೆಯಲ್ಲಿ ಎಷ್ಟು ಜೀವ ಉಳಿದಿದೆ ಎಂದು ನೋಡದೆ ಅವರು ಮಾತು ಕೊಡುವುದಿಲ್ಲ. ನಿಮ್ಮಲ್ಲಿ ಉಳಿದಿದೆ ಎಂದು ನಾನು ಬಲ್ಲೆ. ಹೋದ ಈದಿಗೆ ನನ್ನ ದುಪಟ್ಟಾ ಹಸಿರೋ ನೀಲಿಯೋ ಎಂದು ಜಗಳ ಆಡಿ ನೀವೇ ಗೆದ್ದಿರಿ. ಶನಿವಾರ ನಿಮ್ಮನ್ನು ಹೈದರಾಬಾದಿಗೆ ಕರೆದೊಯ್ಯಲು ಕಾರು ತರುತ್ತೇವೆ. ಬಾಗಿಲು ತೆಗೆಯದಿದ್ದರೆ ಕಸ್ತೂರಿಬಾಯಿಯ ಮನೆಯ ಗೋಡೆ ಹಾರಿ ಬರುತ್ತೇನೆ.

ಈ ಪತ್ರದ ಜೊತೆ ಒಂದು ಪೊಟ್ಟಣವಿದೆ, ಬಿಚ್ಚಿ. ಕಣ್ಣು ತಿಳಿಯಾದ ಮೇಲೆ ಖಾಲಿದ ಕೆತ್ತಿದ ಮೊದಲ ವಸ್ತು, ನಿಮಗೊಂದು ಸುರ್ಮಾದಾನಿ. ಅದರಲ್ಲಿ ಇನ್ನೂ ಬೆಳ್ಳಿಯಿಲ್ಲ. ಹೂಬಳ್ಳಿಯ ಗೆರೆ ಕೊರೆದು ಹಾಗೇ ಬಿಟ್ಟಿದ್ದಾನೆ. ಬೆಳ್ಳಿ ತಂತಿ ಕೂರಿಸಿ ಉಜ್ಜಿದರೆ ಮೈಯೆಲ್ಲ ನುಣುಪಾಗಿ ಬೆರಳಿಗೆ ಹೂ ಸಿಗುವುದಿಲ್ಲ, ಕಣ್ಣಿಗಷ್ಟೇ ಸಿಗುತ್ತದೆ. "ಸದ್ಯಕ್ಕ ಫುಪ್ಪಿ ಬೆರಳಿಂದ ನೋಡ್ಲಿ ಆಪಾ. ಅವರ ಕಣ್ಣಿಗೆ ಸೂಜಿ ಆದ ಮ್ಯಾಗ, ಅವರ ಮುಂದ ಕುಂತೇ ಬೆಳ್ಳಿ ತುಂಬತೀನಿ" ಎಂದಿದ್ದಾನೆ.

ಬೆರಳಾಡಿಸಿ ನೋಡಿ ಫುಪ್ಪಿ. ಒಂದು ಗೆರೆಯೂ ಪಕ್ಕಕ್ಕೆ ಓಡಿಲ್ಲ.

ಅಲ್ಲಾಹನು ನಿಮ್ಮ ಕಣ್ಣನ್ನು ತಣ್ಣಗಿಡಲಿ. ಶನಿವಾರ ಬರುವಾಗ ಆ ಸುರ್ಮಾದಾನಿ ಮರೆಯದೆ ತನ್ನಿ, ಅವನು ತಂತಿ ಎಳೆದಿಟ್ಟುಕೊಂಡು ಕಾಯುತ್ತಿದ್ದಾನೆ.

ನಿಮ್ಮ ಮಡಿಲಲ್ಲಿ ಒದ್ದಾಡುತ್ತಿದ್ದ ಹುಡುಗಿ,
ಮುಸರ್ರತ