ಮೈನಸ್ ಒಂದು
ಜನವರಿ ೧೭, ಅಮ್ಮಾನ್

ಬೆಳಿಗ್ಗೆ ಅಜ್ಲೂನಿನಿಂದ ಉಮ್ ಘೈಥ್ ಫೋನ್ ಮಾಡಿದ್ದರು. ಅವರ ಸಸಿಮನೆಯ ಟೊಮೆಟೊ ಸಸಿಗಳೆಲ್ಲ ಹಿಮ ಹಿಡಿದು ಕಪ್ಪಾಗಿವೆ.

"ಎಂಜಿನಿಯರಮ್ಮಾ, ಐದು ಡಿಗ್ರಿಗಿಂತ ಇಳಿದಾಗ ಹೀಟರ್ ಸರಿಯಾಗೇ ಹತ್ತಿಕೊಳ್ತು. ಸೊನ್ನೆಗಿಂತ ಕೆಳಗೆ ಹೋದ ಕೂಡ್ಲೇ ಆರಿಹೋಯ್ತು. ಹೀಟರ್ ಹಚ್ಚಿ ಆರಿಸೋ ನಿಮ್ಮ ಡಬ್ಬಿಗೂ ಚಳಿ ಹಿಡೀತಾ?"

ತಪ್ಪು ನನ್ನದೇ. ಡಬ್ಬಿಯ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರಿನ ನಡುವಿನ ಸಂಕೇತದಲ್ಲಿ ಸಂಖ್ಯೆಗೆ ಚಿಹ್ನೆ ಇರುವುದಿಲ್ಲ. ಋಣವೋ ಧನವೋ ಎಂದು ಹೋಲಿಸುವ ಆಜ್ಞೆಯೇ ನಿರ್ಧರಿಸಬೇಕು. ಉಷ್ಣತೆಯ ಈ ಅಂಕಿ ಎಂದೂ ಸೊನ್ನೆಗಿಂತ ಇಳಿಯದು ಎಂದುಕೊಂಡು ನಾನು ಚಿಹ್ನೆ ನೋಡದ ಹೋಲಿಕೆ ಹಾಕಿದ್ದೆ. ಹಾಗೆ ಓದಿದಾಗ ಮೈನಸ್ ಒಂದು ನಾನೂರು ಕೋಟಿಗೂ ಮೀರಿದ ಸಂಖ್ಯೆಯಾಯಿತು. ಐದಕ್ಕಿಂತ ಕಡಿಮೆಯೇ? ಅಲ್ಲ. ಹಾಗಾದರೆ ಹೀಟರ್ ಬೇಡ.

"ಡಬ್ಬಿ ಪರೀಕ್ಷೆಯೆಲ್ಲ ಪಾಸಾಗಿತ್ತಲ್ಲ, ನೀವೊಬ್ರೇ ಯಾಕೆ ಕೊರಗ್ತೀರಿ?" ಎಂದ, ಪಕ್ಕದ ಮೇಜಿನ ಮುಅತಸಿಮ್. ಆ ಪರೀಕ್ಷೆಗಳನ್ನು ರೂಪಿಸಿದವಳೂ ನಾನೇ. ಒಂದರಲ್ಲೂ ಋಣಸಂಖ್ಯೆ ಇರಲಿಲ್ಲ. ಇರಬೇಕು ಎಂದು ನನಗೇಕೆ ಹೊಳೆಯಲಿಲ್ಲ?

ಒಂದು ಪದ ಬದಲಿಸಿದೆ, ಸರಿಹೋಯಿತು. ಆದರೆ ಮಾರಿದ ಡಬ್ಬಿಗಳಿಗೆ ಹೊಸ ಪ್ರೋಗ್ರಾಮ್ ತುಂಬುವ ದಾರಿಯಿಲ್ಲ.

ಸಂಜೆ ಉಮ್ ಘೈಥ್‌ಗೆ ಫೋನ್ ಮಾಡಿ, ಇವತ್ತು ಹೀಟರ್ ಕೈಯಾರೆ ಹಚ್ಚಿಬಿಡಿ ಎಂದೆ.

"ಯಾರಿಗಮ್ಮಾ ಹಚ್ಚಲಿ?" ಎಂದರು.

ಡಬ್ಬಿ ಕೊಂಡ ಉಳಿದ ಮುನ್ನೂರು ಜನರ ನಂಬರ್ ನಮ್ಮಲ್ಲಿಲ್ಲ; ಅವರಿಗೆ ಮಾರಿದ್ದು ಅಂಗಡಿಗಳು. ಇವತ್ತು ರಾತ್ರಿ ಮೈನಸ್ ಮೂರಂತೆ. ಮುನ್ನೂರು ಡಬ್ಬಿಗಳೂ ಈಗ ಅದನ್ನು ಸೆಕೆಯೆಂದೇ ತಿಳಿದು ಹೀಟರ್ ಆರಿಸುತ್ತಿರಬೇಕು.